ಮೊದಲು ಬೆನ್ನು, ಆಮೇಲೆ ಮುಖ

ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಕೂರಲೆಂದೇ ಹುಟ್ಟಿದ ಗಡಿಯಾರಕ್ಕೆ ನಮ್ಮ ಮನೆಗಳಲ್ಲಿ ಜಾಗವೇ ಇರಲಿಲ್ಲ. ಚಳಿಯಾದರೆ ಬಚ್ಚಲ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮೈಕಾಯಿಸುವ ನಾವು, ನಡುಮನೆಯ ಗೋಡೆ ಕೊರೆದು ಬೆಂಕಿಗೂಡು ಕಟ್ಟಿಸಿದವರಲ್ಲ. ನಮ್ಮ ಹಳೆಯ ಮನೆಗಳದ್ದು ಏನಿದ್ದರೂ ಗೋಡೆ ಗಡಿಯಾರ. ಮ್ಯಾಂಟಲ್ ಕ್ಲಾಕ್ ಬಂದು ಕೂತದ್ದು ಬೆಂಗಳೂರು ದಂಡಿನ ಬಂಗಲೆಗಳಲ್ಲಿ, ಕೊಡಗು–ಚಿಕ್ಕಮಗಳೂರಿನ ಕಾಫಿ ಎಸ್ಟೇಟುಗಳಲ್ಲಿ, ಅರಮನೆಗಳಲ್ಲಿ. ದೊರೆಗಳು ಹಡಗು ಹತ್ತಿದರು, ಬಂಗಲೆಗಳು ಕೈ ಬದಲಾಯಿಸಿದವು, ಸಾಮಾನು ಹರಾಜಾಯಿತು. ಈಗ ಆ ಗಡಿಯಾರಗಳು ಯಾರದೋ ಶೋಕೇಸಿನಲ್ಲೋ, ಟೀವಿಯ ಪಕ್ಕದಲ್ಲೋ, ಅಟ್ಟದ ಟ್ರಂಕಿನಲ್ಲೋ ಇವೆ. ಇನ್ನು ಕೆಲವು ಹಳೆ ಸಾಮಾನಿನ ಅಂಗಡಿಗಳಲ್ಲಿ ‘ವಿಕ್ಟೋರಿಯಾ ರಾಣಿ ಕಾಲದ್ದು ಸಾರ್’ ಎಂಬ ಶಿಫಾರಸಿನೊಂದಿಗೆ ಗಿರಾಕಿಗೆ ಕಾಯುತ್ತಿವೆ.

ಇಂಥದ್ದೊಂದು ಕೈಗೆ ಬಂದವರು ಕೇಳುವುದು ಯಾವ ಕಾಲದ್ದು, ಎಷ್ಟು ಬಾಳುತ್ತದೆ, ಓಡಿಸಬಹುದೇ ಎಂದು. ಉತ್ತರಕ್ಕಾಗಿ ಎಲ್ಲರೂ ನೋಡುವುದು ಡಯಲ್ಲನ್ನು. ದಾರಿ ತಪ್ಪುವುದೂ ಅಲ್ಲೇ. ಮುಖದ ಮೇಲಿನ ಬರಹ ಬಹಳ ಸಲ ಮಾರಿದವರದು. ಮಾಡಿದವರು ಗುರುತು ಬಿಟ್ಟಿರುವುದು ಬೆನ್ನಲ್ಲಿ.

ಮದರಾಸಿನ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿಯಂಥ ದೊಡ್ಡ ಅಂಗಡಿಗಳು ಯುರೋಪಿನಿಂದ ತರಿಸಿದ ಗಡಿಯಾರಗಳ ಮೇಲೆ ತಮ್ಮ ಹೆಸರು ಹಾಕಿಸಿ ಮಾರುತ್ತಿದ್ದವು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಗಂಟೆಗೊಮ್ಮೆ ಜನ ಮುತ್ತಿಕೊಳ್ಳುವ ಗಡಿಯಾರ ಇದೆಯಲ್ಲ, ಅದೂ ಕುಕ್ ಅಂಡ್ ಕೆಲ್ವಿ ಹೆಸರಿನದೇ. ಬಿಡಿಭಾಗ ಇಂಗ್ಲೆಂಡಿನವು, ಜೋಡಿಸಿ ಮಾರಿದವರು ಕಲ್ಕತ್ತೆಯವರು. ಪ್ಯಾರಿಸ್ಸಿನಲ್ಲೂ ಇದೇ ಕಥೆ. ಡಯಲ್ಲಿನ ಮೇಲೆ ಪ್ಯಾರಿಸ್ಸಿನ ಯಾವುದೋ ಬೀದಿಯ ಅಂಗಡಿಯ ವಿಳಾಸ ಇರುತ್ತದೆ. ಒಳಗಿನ ಯಂತ್ರ ಹುಟ್ಟಿದ್ದು ನಾರ್ಮಂಡಿಯ ಸೇಂಟ್ ನಿಕೊಲಾ ದಾಲಿಯರ್‌ಮಾಂ ಎಂಬ ಹಳ್ಳಿಯಲ್ಲಿ, ಇಲ್ಲವೇ ಸ್ವಿಟ್ಜರ್ಲೆಂಡ್ ಗಡಿಯ ಹತ್ತಿರದ ಬೊಕೂರಿನಲ್ಲಿ. ಬೊಕೂರಿನ ಫ್ರೆಡರಿಕ್ ಜಾಪಿ ಗಡಿಯಾರದ ಭಾಗಗಳನ್ನು ಯಂತ್ರಗಳಿಂದ ರಾಶಿ ರಾಶಿ ತಯಾರಿಸತೊಡಗಿದ್ದು 18ನೇ ಶತಮಾನದ ಕೊನೆಗೆ. ಮುಂದಿನ ನೂರು ವರ್ಷ ಜಾಪಿ ಮನೆತನದ ಯಂತ್ರ ಹೊತ್ತ ಗಡಿಯಾರಗಳು ಲೋಕವೆಲ್ಲ ಹರಡಿದವು. ಅಂಗಡಿಯ ಹೆಸರಿನಿಂದ ಗಡಿಯಾರ ಯಾವ ದಾರಿಯಲ್ಲಿ ಬಂತು ಎಂದು ತಿಳಿಯುತ್ತದೆ. ಅದರ ಕುಲಗೋತ್ರ ತಿಳಿಯುವುದಿಲ್ಲ.

ಮ್ಯಾಂಟಲ್ ಗಡಿಯಾರಗಳಲ್ಲಿ ನೂರೆಂಟು ಬಗೆಗಳಿವೆ. ಒಂದನ್ನು ಹತ್ತಿರದಿಂದ ನೋಡೋಣ: ಗ್ರೀಕ್ ಗುಡಿಯ ಆಕಾರದ, ಪುಟ್ಟ ಕಂಬಗಳ, ಮೈಯೆಲ್ಲ ಕಪ್ಪಗಿರುವ ಫ್ರೆಂಚ್ ಕಲ್ಲುಗಡಿಯಾರ. 1861ರ ಡಿಸೆಂಬರಿನಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಬಟ್ಟೆ ಬಿಡಲಿಲ್ಲ. ಇಂಗ್ಲೆಂಡಿನ ಮನೆಗಳಲ್ಲಿ ಕಪ್ಪು ಗಡಿಯಾರದ ಹುಚ್ಚು ಹಬ್ಬಿದ್ದಕ್ಕೆ ಆ ಸೂತಕವೂ ಒಂದು ಕಾರಣ ಎನ್ನುವವರಿದ್ದಾರೆ. ಕಾರಣ ಏನೇ ಇರಲಿ, ಬೆಲ್ಜಿಯಮ್ಮಿನ ಕಪ್ಪು ಕಲ್ಲನ್ನು ಹಲಗೆ ಕೊಯ್ದು ನಯಗೊಳಿಸಿ, ಗೀರಿದ ಗೆರೆಗಳಲ್ಲಿ ಚಿನ್ನದ ಬಣ್ಣ ತುಂಬಿ, ನಡುನಡುವೆ ಹಸಿರು ಮ್ಯಾಲಕೈಟ್ ಕಲ್ಲಿನ ತುಂಡು ಕೂರಿಸಿದ ಈ ಗಡಿಯಾರಗಳು 19ನೇ ಶತಮಾನದ ಎರಡನೆಯ ಅರ್ಧದಲ್ಲಿ ಲೆಕ್ಕವಿಲ್ಲದಷ್ಟು ತಯಾರಾದವು.

ಇದನ್ನು ಎತ್ತುವಾಗ ಮೇಲಿನ ಅಂಚು ಹಿಡಿಯಬಾರದು. ಒಂದೇ ಬಂಡೆಯಲ್ಲಿ ಕಡೆದಂತೆ ಕಂಡರೂ ಒಳಗೆ ಇದು ಹಲಗೆಗಳ ಜೋಡಣೆ. ಪ್ಲಾಸ್ಟರು, ಮರವಜ್ರದ ಅಂಟು ಮತ್ತು ತಂತಿ ಅದನ್ನು ಹಿಡಿದಿಟ್ಟಿರುತ್ತವೆ. ಅಂಥ ಅಂಟಿಗೆ ನೂರಿಪ್ಪತ್ತು ವರ್ಷವಾಗಿದೆ, ತೂಕವೋ ಹತ್ತು ಕಿಲೋ ದಾಟುತ್ತದೆ. ಎರಡೂ ಕೈ ಬುಡಕ್ಕೆ ಕೊಟ್ಟು, ಮಡಚಿದ ಕಂಬಳಿಯ ಮೇಲೆ ನಿಧಾನವಾಗಿ ಬೆನ್ನು ತಿರುಗಿಸಿ.

ಹಿಂಬದಿಯಲ್ಲಿ ಹಿತ್ತಾಳೆಯ ದುಂಡನೆ ಬಾಗಿಲು. ತೆರೆದರೆ ಎದುರಿಗೆ ಗಂಟೆ ಬಟ್ಟಲು, ಇಲ್ಲವೇ ಚಕ್ಕುಲಿಯಂತೆ ಸುತ್ತಿದ ಉಕ್ಕಿನ ತಂತಿ. ಬಟ್ಟಲಿದ್ದರೆ ಸಾಮಾನ್ಯವಾಗಿ ಹಳೆಯದು. ಸುತ್ತಿದ ತಂತಿಯದು 19ನೇ ಶತಮಾನ ಮುಗಿಯುತ್ತ ಬಂದ ಕಾಲದ ರೂಢಿ. ಅದರ ಹಿಂದೆ ಪುಟ್ಟ ಪೆಂಡುಲಮ್ ತೂಗುತ್ತಿರುತ್ತದೆ. ಮೊದಲು ಅದನ್ನು ಕೊಂಡಿಯಿಂದ ಬಿಡಿಸಿ ತೆಗೆದಿಡಿ. ಈಗ ಟಾರ್ಚ್ ಹಿಡಿದು ನೋಡಿದರೆ ಅಂಗೈಯಗಲದ ದುಂಡು ಹಿತ್ತಾಳೆ ತಟ್ಟೆ. ಅದರ ಮೇಲೆ ನಾಣ್ಯದ ಅಚ್ಚಿನಂಥ ಒಂದು ಮುದ್ರೆ: ‘ಜಾಪಿ ಫ್ರೇರ್’, ‘ಎಸ್. ಮಾರ್ತಿ’, ‘ವಿನ್ಸೆಂಟಿ’ ಹೀಗೆ ಯಾವುದಾದರೊಂದು ಹೆಸರು, ಜೊತೆಗೆ ಒಂದು ಪದಕದ ಬಿರುದು, ಒಂದು ಇಸವಿ. ಜಾಪಿಯದಾದರೆ 1855ರ ಪ್ರದರ್ಶನದ ಗೌರವ ಪದಕ, ಮಾರ್ತಿಯದಾದರೆ 1900ರ ಚಿನ್ನದ ಪದಕ. ಮಾರುವವರು ಬೆರಳಿಟ್ಟು ತೋರಿಸುವುದು ಈ ಇಸವಿಯನ್ನೇ: ‘ನೋಡಿ, 1855ರ ಗಡಿಯಾರ!’ ಅದು ಪದಕ ಬಂದ ವರ್ಷ, ಗಡಿಯಾರ ಮಾಡಿದ ವರ್ಷವಲ್ಲ. ಬಂದ ಪದಕವನ್ನು ಕಂಪನಿಗಳು ದಶಕಗಟ್ಟಲೆ ಮೆರೆಸಿದವು. ಆ ಇಸವಿಗಿಂತ ಹಿಂದಿನದಲ್ಲ ಎನ್ನುವುದಷ್ಟೇ ಅದರಿಂದ ಸಿಗುವ ಸಾಕ್ಷ್ಯ.

ತಟ್ಟೆಯ ಕೆಳಭಾಗದಲ್ಲಿ ಉದ್ದನೆಯದೊಂದು ಸಂಖ್ಯೆ ಒತ್ತಿರುತ್ತದೆ. ತೆಗೆದಿಟ್ಟ ಪೆಂಡುಲಮ್ಮಿನ ಗುಂಡನ್ನು ತಿರುಗಿಸಿ ನೋಡಿ. ಅಲ್ಲೂ ಅದೇ ಸಂಖ್ಯೆ ಇದ್ದರೆ ಇವೆರಡೂ ಹುಟ್ಟಿದಾಗಿನಿಂದ ಜೊತೆಗಿವೆ ಎಂದರ್ಥ. ಪಕ್ಕದಲ್ಲಿ ಇನ್ನೆರಡು ಚಿಕ್ಕ ಅಂಕಿಗಳು, ಉದಾಹರಣೆಗೆ 5 ಮತ್ತು 4, ಕಾಣಬಹುದು. ಅದು ಪೆಂಡುಲಮ್ಮಿನ ಉದ್ದ: 5 ಪೂಸ್, 4 ಲೀನ್. ಪೂಸ್ ಎಂದರೆ ಫ್ರಾನ್ಸಿನ ಹಳೆಯ ಅಂಗುಲ, ಸುಮಾರು 27 ಮಿಲಿಮೀಟರ್; ಅದರ ಹನ್ನೆರಡರಲ್ಲೊಂದು ಪಾಲು ಲೀನ್. ಮೆಟ್ರಿಕ್ ಪದ್ಧತಿಯನ್ನು ಜಗತ್ತಿಗೆ ಕೊಟ್ಟು, 1840ರಿಂದ ಅದನ್ನು ಕಡ್ಡಾಯ ಮಾಡಿದ ದೇಶದಲ್ಲಿ ಗಡಿಯಾರದವರು ಮಾತ್ರ ಅಜ್ಜನ ಅಳತೆ ಬಿಡಲಿಲ್ಲ! ಈ ಹಟ ನಮಗೆ ಉಪಕಾರವೇ ಆಗಿದೆ. ಪೆಂಡುಲಮ್ ಕಳೆದುಹೋದ ಗಡಿಯಾರಕ್ಕೆ ಹೊಸದು ಎಷ್ಟುದ್ದ ಬೇಕೆಂದು ಗಡಿಯಾರವೇ ಹೇಳುತ್ತದೆ. 5, 4 ಎಂದಿದ್ದರೆ ಸುಮಾರು 144 ಮಿಲಿಮೀಟರ್.

ಗಂಟೆ ಹೊಡೆಯುವ ಏರ್ಪಾಡನ್ನೂ ಗಮನಿಸಿ. ಬೆನ್ನಿನ ತಟ್ಟೆಯ ಹೊರಗೆ, ಅಂಚಿನಲ್ಲಿ ಅಂತರ ಬದಲಾಗುತ್ತ ಹೋಗುವ ಕಚ್ಚುಗಳ ಚಕ್ರವೊಂದಿದ್ದರೆ ಅದು ಎಣಿಕೆ ಚಕ್ರ. ಕಚ್ಚಿನಿಂದ ಕಚ್ಚಿಗೆ ಎಷ್ಟು ದೂರವೋ ಅಷ್ಟು ಹೊಡೆತ. ಈ ಚಕ್ರಕ್ಕೆ ಮುಳ್ಳು ಎಲ್ಲಿದೆ ಎಂಬ ಗೊಡವೆಯಿಲ್ಲ. ಮೂರರ ನಂತರ ನಾಲ್ಕು, ನಾಲ್ಕರ ನಂತರ ಐದು, ಅಷ್ಟೇ ಅದಕ್ಕೆ ಗೊತ್ತು. ಹಾಗಾಗಿ ಒಮ್ಮೆ ತಪ್ಪಿದರೆ ಮಧ್ಯಾಹ್ನ ಎರಡಕ್ಕೆ ಒಂಬತ್ತು ಹೊಡೆಯುತ್ತ ಕೂರುತ್ತದೆ. ನಂತರದ ಗಡಿಯಾರಗಳಲ್ಲಿ ಮುಳ್ಳಿನ ಜಾಗ ನೋಡಿಕೊಂಡು ಹೊಡೆಯುವ ಏರ್ಪಾಡು ಬಂತು. ಅವು ತಾವೇ ಸರಿಹೋಗುತ್ತವೆ. ಇನ್ನು ಮುಂದುಗಡೆ, ಡಯಲ್ಲಿನ ಹನ್ನೆರಡರ ಹತ್ತಿರ ಸಣ್ಣ ತೂತೊಂದಿದ್ದರೆ ಪೆಂಡುಲಮ್ಮಿನ ಉದ್ದ ತಿದ್ದುವ ಬ್ರೊಕೊ ಏರ್ಪಾಡು ಒಳಗಿದೆ ಎಂದರ್ಥ. ಅಶೀಲ್ ಬ್ರೊಕೊ ಇದನ್ನು ಬಳಕೆಗೆ ತಂದದ್ದು 19ನೇ ಶತಮಾನದ ನಡುಭಾಗದಲ್ಲಿ. ಅದಕ್ಕಿಂತ ಹಳೆಯ ಗಡಿಯಾರಗಳ ಪೆಂಡುಲಮ್ ರೇಷ್ಮೆ ದಾರದಲ್ಲಿ ತೂಗುತ್ತಿತ್ತು. ತೂತಿನ ಪಕ್ಕ ಫ್ರೆಂಚಿನ ‘ಎ’ ಮತ್ತು ‘ಆರ್’ ಅಕ್ಷರಗಳಿದ್ದರೆ ಫ್ರಾನ್ಸಿನ ಗಿರಾಕಿಗೆ ಮಾಡಿದ್ದು. ಇಂಗ್ಲಿಷಿನ ‘ಎಫ್’, ‘ಎಸ್’ ಇದ್ದರೆ ಇಂಗ್ಲೆಂಡಿಗೋ ಅದರ ವಸಾಹತಿಗೋ ಹೊರಟದ್ದು.

ಬೆಲೆಯ ಲೆಕ್ಕದಲ್ಲಿ ಎಲ್ಲೂ ಬರದ, ಆದರೆ ನನಗೆ ಬಹಳ ಇಷ್ಟವಾದ ಇನ್ನೊಂದು ಗುರುತಿದೆ. ಹಿತ್ತಾಳೆ ತಟ್ಟೆಯ ಮೇಲೆ, ಸ್ಪ್ರಿಂಗಿನ ಡಬ್ಬಿಯ ಮುಚ್ಚಳದ ಮೇಲೆ, ರಿಪೇರಿ ಮಾಡಿದವರು ಸೂಜಿಮೊನೆಯಲ್ಲಿ ತಮ್ಮ ಹೆಸರು, ತಾರೀಖು ಗೀರಿಟ್ಟಿರುತ್ತಾರೆ. ಹಾಗೆ ಗೀರಿಡುವುದು ಆ ಕಸುಬಿನವರ ಹಳೆಯ ಅಭ್ಯಾಸ. ಹೊಳಪು ಕೊಡುವ ಭರದಲ್ಲಿ ಅದನ್ನು ಉಜ್ಜಿ ಅಳಿಸಿದರೆ ಗಡಿಯಾರದ ಅರ್ಧ ಜಾತಕವೇ ಹೋಯಿತು.

ಇಷ್ಟೆಲ್ಲ ಓದಿಕೊಂಡು ಕಲ್ಲಿನದೆಂದು ಬಲವಾಗಿ ಎತ್ತಲು ಹೋದಾಗ ಗಡಿಯಾರ ಹಗುರವಾಗಿ ಮೇಲೆದ್ದು ಬಂದರೆ ಅದು ಬಹುಶಃ ಅಮೆರಿಕದ ನಕಲು. ನಕಲು ಎಂದು ಮೂಗು ಮುರಿಯಬೇಕಿಲ್ಲ. ಫ್ರೆಂಚರ ಕಲ್ಲಿಗೆ ಕೊಡುವಷ್ಟು ಹಣವಿಲ್ಲದವರಿಗಾಗಿ ಆನ್ಸೋನಿಯಾ ಕಂಪನಿ ಎರಕದ ಕಬ್ಬಿಣಕ್ಕೆ ಕಪ್ಪು ಎನಾಮಲ್ ಬಳಿಯಿತು. ಸೇಥ್ ಥಾಮಸ್ ಕಂಪನಿ ಮರದ ಪೆಟ್ಟಿಗೆಗೆ ಸೆಲ್ಯುಲಾಯ್ಡಿನ ತೆಳುಹಾಳೆ ಅಂಟಿಸಿ ಅದಕ್ಕೆ ‘ಆಡಮಂಟೈನ್’ ಎಂದು ಹೆಸರಿಟ್ಟಿತು. ಅದರ ಪೇಟೆಂಟು 1880ರದು. ಕಪ್ಪು ಕಲ್ಲಷ್ಟೇ ಅಲ್ಲ, ಕೆಂಪು ಹಸಿರು ಗೆರೆಗಳ ಅಮೃತಶಿಲೆಯನ್ನೂ ಆ ಹಾಳೆ ಅನುಕರಿಸುತ್ತಿತ್ತು. ಕೈಯಿಟ್ಟರೆ ಕಲ್ಲಿನ ತಣುಪಿಲ್ಲ, ಬೆರಳಲ್ಲಿ ತಟ್ಟಿದರೆ ಮರದ ಸದ್ದು. ಇಂಥದ್ದು ನಿಮ್ಮಲ್ಲಿದ್ದರೆ ಒಂದು ಎಚ್ಚರಿಕೆ: ಹಳೆಯ ಸಿನಿಮಾ ರೀಲುಗಳನ್ನು ಸುಟ್ಟು ಬೂದಿ ಮಾಡುತ್ತಿದ್ದ ನೈಟ್ರೇಟಿನ ಹತ್ತಿರದ ನೆಂಟ ಈ ಸೆಲ್ಯುಲಾಯ್ಡ್. ದೀಪದ ಪಕ್ಕ, ಊದುಬತ್ತಿಯ ಪಕ್ಕ ಇಡಬೇಡಿ. ಸ್ಪಿರಿಟ್ಟಿನಲ್ಲೋ ಉಗುರುಬಣ್ಣ ತೆಗೆಯುವ ದ್ರವದಲ್ಲೋ ಒರೆಸಿದರೆ ಹಾಳೆ ಕರಗಿ ಕಲೆಯಾಗುತ್ತದೆ.

ಅಮೆರಿಕದವರ ಗಡಿಯಾರ ಎಷ್ಟು ಅಗ್ಗವಿತ್ತೆಂಬುದಕ್ಕೆ ಕನೆಕ್ಟಿಕಟ್ಟಿನ ಚಾನ್ಸಿ ಜೆರೋಮ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡ ಪ್ರಸಂಗವೊಂದಿದೆ. 1842ರಲ್ಲಿ ಆತ ಹಿತ್ತಾಳೆ ಯಂತ್ರದ ಗಡಿಯಾರಗಳನ್ನು ಇಂಗ್ಲೆಂಡಿಗೆ ಕಳಿಸಿದ. ಇಷ್ಟು ಕಡಿಮೆ ಬೆಲೆಗೆ ಗಡಿಯಾರ ಮಾಡಲು ಸಾಧ್ಯವೇ ಇಲ್ಲ, ಸುಂಕ ತಪ್ಪಿಸಲು ಬೆಲೆ ಇಳಿಸಿ ತೋರಿಸಿದ್ದಾರೆ ಎಂದುಕೊಂಡರು ಅಲ್ಲಿನ ಕಸ್ಟಮ್ಸ್ ಅಧಿಕಾರಿಗಳು. ಹಾಗೆ ಅನುಮಾನ ಬಂದರೆ, ತೋರಿಸಿದ ಬೆಲೆಯ ಮೇಲೆ ನೂರಕ್ಕೆ ಹತ್ತು ಸೇರಿಸಿ ಸರ್ಕಾರವೇ ಮಾಲನ್ನು ವಶಮಾಡಿಕೊಳ್ಳಬಹುದೆಂಬ ಕಾನೂನಿತ್ತು. ವಶಮಾಡಿಕೊಂಡರು. ಕೂತಲ್ಲೇ ಲಾಭದ ಜೊತೆ ರೊಕ್ಕ ಸಿಕ್ಕಿತಲ್ಲ, ಜೆರೋಮ್ ಖುಷಿಯಿಂದ ಇನ್ನೊಂದು ಕಂತು ಕಳಿಸಿದ. ಅದನ್ನೂ ಸರ್ಕಾರ ಕೊಂಡಿತು. ಮೂರನೆಯ ಸಲ ಅವರಿಗೆ ಬುದ್ಧಿ ಬಂದು ಸುಮ್ಮನೆ ಒಳಗೆ ಬಿಟ್ಟರು. ಅಲ್ಲಿಂದ ಮುಂದೆ ಅಮೆರಿಕದ ಗಡಿಯಾರ ಬ್ರಿಟಿಷರ ಪೇಟೆಗಳಲ್ಲಿ ಸಲೀಸಾಗಿ ಹರಡಿತು. ಆ ಜೆರೋಮನ ಕಂಪನಿ 1850ರ ದಶಕದಲ್ಲಿ ದಿವಾಳಿಯೆದ್ದಿತೆಂಬುದು ಬೇರೆ ಮಾತು.

ಸೇಥ್ ಥಾಮಸ್ ಗಡಿಯಾರದ ಕಾಲ ಹೇಳುವುದು ಒಂದು ಸಣ್ಣ ಒಗಟು ಬಿಡಿಸಿದಂತೆ. ಪೆಟ್ಟಿಗೆಯ ತಳದಲ್ಲೋ ಹಿಂದೋ ಮಸಿಯ ಮುದ್ರೆಯೊಂದು ಮಸುಕಾಗಿ ಕಾಣಬಹುದು: ‘8981 ಎಲ್’. ಅಂಕಿಗಳನ್ನು ಹಿಂದುಮುಂದಾಗಿ ಓದಿದರೆ 1898. ಇಂಗ್ಲಿಷ್ ವರ್ಣಮಾಲೆಯ ಹನ್ನೆರಡನೆಯ ಅಕ್ಷರ ಎಲ್, ಅಂದರೆ ಡಿಸೆಂಬರ್. ಅಂಗಡಿಯಲ್ಲಿ ಹಳೆಯ ಸ್ಟಾಕು ಎಂದು ಗಿರಾಕಿಗೆ ತಿಳಿಯದಿರಲಿ ಎಂದು ಹೀಗೆ ಬರೆದಿರಬೇಕೆಂದು ನನ್ನ ಊಹೆ. ಒಳಗೆ ಅಂಟಿಸಿದ ಕಾಗದದ ಚೀಟಿ ಉಳಿದಿದ್ದರೆ ಇನ್ನೂ ಒಳ್ಳೆಯದು. ಕಂಪನಿಯಿದ್ದ ಊರು ಮೊದಲು ಪ್ಲಿಮತ್ ಹಾಲೋ. 1859ರಲ್ಲಿ ಸೇಥ್ ಥಾಮಸ್ ತೀರಿಕೊಂಡ ಮೇಲೆ ಅವನ ನೆನಪಿಗೆ ಅದು ಥಾಮಸ್ಟನ್ ಆಯಿತು. ಚೀಟಿಯಲ್ಲಿ ಹಳೆಯ ಹೆಸರಿದ್ದರೆ ಗಡಿಯಾರವೂ ಹಳೆಯದು. ನಮ್ಮ ಮಲೆನಾಡಿನಲ್ಲಿ ಈ ಚೀಟಿಗಳ ಶತ್ರುಗಳೆಂದರೆ ಗೆದ್ದಲು, ಬೆಳ್ಳಿಹುಳ ಮತ್ತು ಒದ್ದೆ ಬಟ್ಟೆ ಹಿಡಿದ ಮನೆಯವರು.

ಜರ್ಮನರದ್ದು ಗುರುತಿಸುವುದು ಸುಲಭ. ಎಂಟು ಮೂಲೆಯ ನಕ್ಷತ್ರವಿದ್ದರೆ ಯುಂಗಾನ್ಸ್, ಒಂದನ್ನೊಂದು ದಾಟುವ ಎರಡು ಬಾಣಗಳಿದ್ದರೆ ಹ್ಯಾಂಬರ್ಗ್ ಅಮೆರಿಕನ್ ಕಂಪನಿ. ಬ್ರಿಟನ್ನಿನ 1887ರ ಕಾಯಿದೆ ಮತ್ತು ಅಮೆರಿಕದ 1890ರ ಸುಂಕ ಕಾಯಿದೆಗಳಿಂದಾಗಿ ಆಮದು ಸರಕಿನ ಮೇಲೆ ದೇಶದ ಹೆಸರು ಹಾಕುವುದು ರೂಢಿಗೆ ಬಂತು. ಹಾಗಾಗಿ ‘ಜರ್ಮನಿ’ ಎಂದು ಅಚ್ಚಾಗಿದ್ದರೆ ಅದು ಸಾಧಾರಣವಾಗಿ ಆ ವರ್ಷಗಳಿಂದ ಈಚಿನದು. ನಡು ಉಬ್ಬಿ ಅಕ್ಕಪಕ್ಕ ಇಳಿಜಾರಾಗಿ ನೆಪೋಲಿಯನ್ನನ ಟೋಪಿಯಂತೆ ಕಾಣುವ ಮರದ ಗಡಿಯಾರಗಳು 20ನೇ ಶತಮಾನದ ಮೊದಲ ಅರ್ಧದವು, ಹೆಚ್ಚಿನವು ಇಂಗ್ಲಿಷ್ ಅಥವಾ ಜರ್ಮನ್. ಡಯಲ್ಲಿನಲ್ಲಿ ಕೀಲಿಯ ತೂತು ಮೂರಿದ್ದರೆ ಕಾಲುಗಂಟೆಗೊಮ್ಮೆ ರಾಗ ನುಡಿಸುವಂಥದ್ದು. ಸಾಮಾನ್ಯವಾಗಿ ಅದು ಬಿಗ್ ಬೆನ್ನಿನ ರಾಗ; ಅಸಲಿಗೆ ಕೇಂಬ್ರಿಜ್ಜಿನ ಸೇಂಟ್ ಮೇರಿ ಚರ್ಚಿಗಾಗಿ 1793ರಲ್ಲಿ ಕಟ್ಟಿದ್ದು.

ಮೋಸ ಎಲ್ಲಿರುತ್ತದೆ? ಹೊಸ ಗಡಿಯಾರವನ್ನು ಪೂರ್ತಿ ಹಳೆಯದರಂತೆ ಮಾಡುವುದು ಕಷ್ಟದ ಕೆಲಸ. ಸುಲಭವಾದದ್ದು ಒಂದರ ಪೆಟ್ಟಿಗೆಗೆ ಇನ್ನೊಂದರ ಯಂತ್ರ ಕೂರಿಸುವುದು. ಮರದಲ್ಲಿ ಕಾರಣವಿಲ್ಲದ ಹಳೆಯ ಸ್ಕ್ರೂ ತೂತುಗಳು, ಮೇಣ ತುಂಬಿ ಮುಚ್ಚಿದ ಗುರುತು, ಡಯಲ್ಲಿನ ತೂತಿನ ನಡುವಿಗೆ ಬಾರದೆ ಓರೆಯಾಗಿ ಇಣುಕುವ ಕೀಲಿಕಂಬ ಇವೆಲ್ಲ ಅದರ ಸುಳಿವು. ಮುಳ್ಳುಗಳನ್ನೂ ನೋಡಿ. ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆಗಳನ್ನು ಮುಟ್ಟಬೇಕು, ಗಂಟೆ ಮುಳ್ಳು ಅಂಕಿಗಳ ಒಳ ಅಂಚಿನವರೆಗೆ ಬರಬೇಕು. ಗಿಡ್ಡಗಿದ್ದರೆ ಬೇರೆ ಗಡಿಯಾರದಿಂದ ಬಂದವು. ಮೇಲೆ ಕೂತ ಗೊಂಬೆ ಕಂಚಿನದು ಎಂದರೆ ತಳದಲ್ಲಿ, ಕಾಣದ ಕಡೆ, ಹಳೆಯ ಗೀರು ಹುಡುಕಿ. ಒಳಲೋಹ ಹಳದಿಯಿದ್ದರೆ ಕಂಚು ಅಥವಾ ಹಿತ್ತಾಳೆ. ಬೂದುಬಿಳಿಯಿದ್ದರೆ ಬಣ್ಣ ಹೊದಿಸಿದ ಸತು. ಸತುವಿನ ಗೊಂಬೆ ಬಿದ್ದರೆ ಮುರಿಯುತ್ತದೆ, ಬೆಸುಗೆಯೂ ಸರಿಯಾಗಿ ಹಿಡಿಯುವುದಿಲ್ಲ. ಇನ್ನು ಯಂತ್ರ ಕಿತ್ತು ಬ್ಯಾಟರಿಯ ಕ್ವಾರ್ಟ್ಜ್ ತುರುಕಿದ್ದರೆ, ನೀವು ಕೊಳ್ಳುತ್ತಿರುವುದು ಒಂದು ಪೆಟ್ಟಿಗೆ.

ಬೆಲೆಯ ವಿಷಯದಲ್ಲಿ ಜನಕ್ಕೆ ಬೇಸರವಾಗುವ ಮಾತನ್ನೇ ಹೇಳಬೇಕು. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದೂ ದುಬಾರಿಯಲ್ಲ. ಲಕ್ಷಗಟ್ಟಲೆ ತಯಾರಾದ ವಸ್ತು ನೂರು ವರ್ಷದ ನಂತರವೂ ಹೇರಳವಾಗಿ ಉಳಿದಿದೆ. ಅತ್ತ ಇಂಗ್ಲೆಂಡಿನಲ್ಲೇ ಸಾಧಾರಣ ಕಪ್ಪು ಕಲ್ಲುಗಡಿಯಾರ ಹರಾಜಿನಲ್ಲಿ ನೂರು ಪೌಂಡಿನ ಆಸುಪಾಸಿಗೆ ಹೋಗುವುದು ಮಾಮೂಲು. ಅದನ್ನು ಪೂರ್ತಿ ಬಿಚ್ಚಿ ಶುಚಿಮಾಡಿಸಲು ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ನೆಪೋಲಿಯನ್ ಟೋಪಿಗಳಿಗೆ ಇನ್ನೂ ಕಡಿಮೆ. ಅಂಕಿ ನಿಜವಾಗಿ ಏರುವುದು ಬೇರೆ ಕಾರಣಗಳಿಗೆ: 18ನೇ ಶತಮಾನದ ಇಂಗ್ಲಿಷ್ ಕುಶಲಿಗನ ಸಹಿ, ಕಂಚಿನ ಮೇಲೆ ಪಾದರಸ ಬೆರೆಸಿ ಸುಟ್ಟು ಹಚ್ಚಿದ ಅಸಲಿ ಚಿನ್ನದ ಗಿಲೀಟು, ತಿಥಿ–ತಿಂಗಳು–ಚಂದ್ರನ ಕಲೆ ತೋರಿಸುವ ಪಂಚಾಂಗದ ಏರ್ಪಾಡು, ಡಯಲ್ಲಿನ ಮುಂದೆಯೇ ಕೆಂಪು ಕಲ್ಲಿನ ಹಲ್ಲುಗಳೊಂದಿಗೆ ಆಡುವ ಬ್ರೊಕೊ ಚಲನೆ. ಅಕ್ಕಪಕ್ಕ ಇಡುವ ಜೋಡಿ ಹೂದಾನಿಯೋ ಮೇಣದಬತ್ತಿ ಕಂಬವೋ ತಪ್ಪಿಸಿಕೊಳ್ಳದೆ ಜೊತೆಗಿದ್ದರೆ ಮತ್ತಷ್ಟು. ಎಲ್ಲಕ್ಕಿಂತ ಮೇಲಾಗಿ, ಯಾರೂ ಕೈಯಾಡಿಸದೆ ಇದ್ದ ಹಾಗೇ ಇರುವುದು. ತುಸು ಸೀಳಿದ ಹಳೆಯ ಪಿಂಗಾಣಿ ಡಯಲ್ಲಿಗೆ, ಹೊಸದಾಗಿ ಬಳಿದ ಥಳಥಳ ಡಯಲ್ಲಿಗಿಂತ ಹೆಚ್ಚು ಮರ್ಯಾದೆ.

ದರ ತಿಳಿಯಲು ಅಂಗಡಿಯವರು ಕೇಳುವ ಬೆಲೆ ನೋಡಬೇಡಿ. ಅಂಥದ್ದೇ ಗಡಿಯಾರ ಹರಾಜಿನಲ್ಲಿ ಕಡೆಗೆ ಎಷ್ಟಕ್ಕೆ ಹೋಯಿತೆಂದು ನೋಡಿ. ವಿಮೆಗೆ ಬರೆಸುವ ಮೊತ್ತ, ಅಂಗಡಿಯ ಮೊತ್ತ, ನೀವು ಮಾರಿದರೆ ಕೈಗೆ ಬರುವ ಮೊತ್ತ, ಮೂರೂ ಬೇರೆ ಬೇರೆ. ಕೊನೆಯದೇ ಎಲ್ಲಕ್ಕಿಂತ ಚಿಕ್ಕದು. ಇಷ್ಟಾಗಿಯೂ ಸಾಧಾರಣ ಗಡಿಯಾರವನ್ನು ರಿಪೇರಿ ಮಾಡಿಸುವುದು ದಂಡವಲ್ಲ ಎಂಬುದೇ ನನ್ನ ವಾದ. ನೂರು ವರ್ಷ ಓಡಿ, ಇನ್ನೂ ನೂರು ವರ್ಷ ಓಡಬಲ್ಲ ಯಂತ್ರ ಇಷ್ಟು ಅಗ್ಗಕ್ಕೆ ಬೇರೆಲ್ಲಿ ಸಿಗುತ್ತದೆ?

ಗಡಿಯಾರ ಕೆಡುವುದು ಅಲಕ್ಷ್ಯದಿಂದ ಎಂದುಕೊಳ್ಳುತ್ತೇವೆ. ನಾನು ಕಂಡಂತೆ ಅಕ್ಕರೆಯಿಂದ ಕೆಟ್ಟವೇ ಜಾಸ್ತಿ. ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡರೆ ಕೈ ಹುಣಿಸೆಹಣ್ಣಿಗೆ ಹೋಗುತ್ತದೆ. ದೇವರ ದೀಪಕ್ಕೆ, ತಂಬಿಗೆಗೆ ಅದು ಸರಿ. ಗಿಲೀಟಿನ ಗಡಿಯಾರಕ್ಕೆ ಹುಣಿಸೆಹುಳಿ ಹಚ್ಚಿ ಬೂದಿಯಲ್ಲಿ ತಿಕ್ಕಿದರೆ ಚಿನ್ನದ ಪದರ ಎದ್ದುಹೋಗಿ ಒಳಗಿನ ಕಂಚು ಹೊಳೆಯುತ್ತದೆ. ನೋಡಲು ಫಳಫಳ, ಬೆಲೆ ಅರ್ಧಕ್ಕಿಳಿದಿರುತ್ತದೆ. ಬೆಳ್ಳಿಬಣ್ಣದ ಡಯಲ್ಲಿಗೆ ಪಾಲಿಶ್ ಹಾಕಿದರೂ ಇದೇ ಗತಿ. ಆ ಬಿಳುಪು ಹಿತ್ತಾಳೆಯ ಮೇಲಿನ ಬಲು ತೆಳುವಾದ ಬೆಳ್ಳಿಯ ಲೇಪ, ನಾಲ್ಕು ಸಲ ಉಜ್ಜಿದರೆ ಹಳದಿ ತೋರುತ್ತದೆ. ಒಣಗಿದ ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ಕೊಡವಿದರೆ ಸಾಕು.

ಎರಡನೆಯ ಅಕ್ಕರೆ ಎಣ್ಣೆ. ಗಡಿಯಾರ ನಿಂತರೆ ಕೊಬ್ಬರಿಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಕೈಗೆ ಸಿಕ್ಕಿದ್ದನ್ನು ಸುರಿಯುತ್ತಾರೆ. ನನ್ನ ಪರಿಚಯದ ಹಳೆಯ ರಿಪೇರಿಯವರೊಬ್ಬರು ಇಂಥ ಯಂತ್ರ ಬಿಚ್ಚಿದಾಗಲೆಲ್ಲ ಗೊಣಗುತ್ತಾರೆ: ‘ಎಣ್ಣೆಸ್ನಾನ ಮಾಡ್ಸೋದು ಮಕ್ಕಳಿಗೆ ಸಾರ್, ಇದಕ್ಕಲ್ಲ.’ ಕೊಬ್ಬರಿಎಣ್ಣೆ ಮಲೆನಾಡಿನ ಚಳಿಗೆ ಹೆಪ್ಪುಗಟ್ಟುತ್ತದೆ, ಕ್ರಮೇಣ ಅಂಟಾಗುತ್ತದೆ. ಆ ಅಂಟಿಗೆ ಧೂಳು ಸೇರಿದರೆ ಉಪ್ಪುಕಾಗದದ ಪುಡಿಯಷ್ಟೇ ಚೆನ್ನಾಗಿ ಲೋಹವನ್ನು ಸವೆಸುತ್ತದೆ. ಚಕ್ರದ ಉಕ್ಕಿನ ಮೊನೆ ತಿರುಗುವ ಹಿತ್ತಾಳೆಯ ತೂತು ದುಂಡಗಿದ್ದದ್ದು ಮೊಟ್ಟೆಯಾಕಾರವಾಗುತ್ತದೆ, ಹಲ್ಲುಗಳ ಹಿಡಿತ ತಪ್ಪುತ್ತದೆ. ಆಮೇಲೆ ತೂತಿಗೆ ಹೊಸ ಬುಷ್ ಕೂರಿಸುವುದೊಂದೇ ದಾರಿ. ಹಾಕಬೇಕಾದದ್ದು ಗಡಿಯಾರದ ಎಣ್ಣೆ, ಸೂಜಿಮೊನೆಯಲ್ಲಿ ನಿಲ್ಲುವಷ್ಟು, ಮೊನೆ ಕೂರುವ ಕುಳಿಗಳಿಗೆ ಮಾತ್ರ. ಚಕ್ರದ ಹಲ್ಲುಗಳಿಗೆ ಹನಿಯೂ ಬೇಡ. ಒಳಗೆ ಕಪ್ಪು ಜಿಡ್ಡು ಕಂಡರೆ ಅದರ ಮೇಲೆ ಹೊಸ ಎಣ್ಣೆ ಹಾಕದೆ, ಬಿಚ್ಚಿ ತೊಳೆಯಬಲ್ಲವರ ಕೈಗೆ ಕೊಡಿ. ನೀವೇ ಬಿಚ್ಚಲು ಮಾತ್ರ ಹೋಗಬೇಡಿ. ಬಿಗಿದ ಸ್ಪ್ರಿಂಗು ತಟ್ಟನೆ ಬಿಚ್ಚಿಕೊಂಡರೆ ಬೆರಳು ಮುರಿಯುವಷ್ಟು ಜೋರಿರುತ್ತದೆ.

ನಿಂತ ಗಡಿಯಾರಗಳಲ್ಲಿ ಎಷ್ಟೋ ನಿಜವಾಗಿ ಕೆಟ್ಟಿರುವುದಿಲ್ಲ. ಓರೆಯಾಗಿ ಕೂತಿರುತ್ತವೆ, ಅಷ್ಟೇ. ಗಟ್ಟಿ ಮೇಜಿನ ಮೇಲಿಟ್ಟು, ಪೆಂಡುಲಮ್ ಸಿಕ್ಕಿಸಿ, ಮೆಲ್ಲಗೆ ಆಡಿಸಿ, ಕಣ್ಣು ಮುಚ್ಚಿ ಕೇಳಿ. ಟಿಕ್… ಟಕ್… ಟಿಕ್… ಟಕ್ ಎಂದು ಒಂದೇ ಅಂತರದಲ್ಲಿ ಬರಬೇಕು. ಟಿಕ್‌ಟಕ್… ಟಿಕ್‌ಟಕ್… ಎಂದು ಜೋಡಿ ಜೋಡಿಯಾಗಿ ಕುಂಟಿದರೆ ಕೆಲವೇ ನಿಮಿಷದಲ್ಲಿ ನಿಲ್ಲುತ್ತದೆ. ಒಂದು ಪಕ್ಕದ ಕಾಲಿನ ಕೆಳಗೆ ಮಡಚಿದ ಲಗ್ನಪತ್ರಿಕೆಯ ತುಂಡು ತೂರಿಸಿ ಮತ್ತೆ ಕೇಳಿ. ಕುಂಟು ಹೆಚ್ಚಾಯಿತೇ? ಇನ್ನೊಂದು ಪಕ್ಕಕ್ಕೆ ಹಾಕಿ. ಅಂತರ ಸಮವಾದ ಜಾಗದಲ್ಲಿ ಬಿಟ್ಟುಬಿಡಿ, ಹೊರನೋಟಕ್ಕೆ ಗಡಿಯಾರ ತುಸು ವಾಲಿದಂತಿದ್ದರೂ ಚಿಂತೆಯಿಲ್ಲ. ಅದನ್ನು ನೆಟ್ಟಗೆ ಕೂರಿಸಿಯೂ ಓಡುವಂತೆ ಮಾಡಲು ಒಳಗೆ ಪೆಂಡುಲಮ್ಮನ್ನು ತಳ್ಳುವ ತೋಳ್ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಬೇಕು. ಅದು ಬಲ್ಲವರ ಕೆಲಸ.

ಕೀಲಿ ಕೊಡುವ ಬಗ್ಗೆ ಒಂದು ಮೂಢನಂಬಿಕೆ ಇದೆ: ಹೆಚ್ಚು ಕೀಲಿ ಕೊಟ್ಟರೆ ಗಡಿಯಾರ ಕೆಡುತ್ತದೆ ಅಂತ. ಸ್ಪ್ರಿಂಗು ಪೂರ್ತಿ ಸುತ್ತಿಕೊಂಡ ಮೇಲೆ ಕೀಲಿ ತಾನೇ ನಿಲ್ಲುತ್ತದೆ. ‘ಕೀಲಿ ಜಾಸ್ತಿಯಾಗಿ ನಿಂತಿದೆ’ ಎನ್ನುವ ಗಡಿಯಾರಗಳು ನಿಂತಿರುವುದು ಜಿಡ್ಡಿನಿಂದ. ಎಂಟು ದಿನದ ಗಡಿಯಾರಕ್ಕೆ ವಾರಕ್ಕೊಮ್ಮೆ, ಗೊತ್ತುಮಾಡಿದ ವಾರದಂದೇ, ತುಂಬ ಕೀಲಿ ಕೊಡಿ. ಸ್ಪ್ರಿಂಗಿನ ಬಲ ಸಡಿಲುವ ಕೊನೆಯ ದಿನಗಳಲ್ಲಿ ಅದರ ನಡೆ ಬದಲಾಗುತ್ತದೆ, ಅಲ್ಲಿಯವರೆಗೆ ಬಿಡಬಾರದು. ಕೀಲಿಯನ್ನು ಅರ್ಧ ಸುತ್ತಿಗೊಮ್ಮೆ ಥಟ್ಟನೆ ಬಿಡದೆ, ಒಳಗಿನ ತಡೆಹಲ್ಲು ಕಚ್ಚಿಕೊಂಡಿತೆಂದು ಕೈಗೆ ಗೊತ್ತಾದ ಮೇಲೆ ಬಿಡಿ. ಸಡಿಲ ಕೀಲಿ ಬಳಸಿದರೆ ಕಂಬದ ಚೌಕ ಮೂಲೆಗಳು ಸವೆದು ದುಂಡಾಗುತ್ತವೆ. ಸಮಯ ತಿದ್ದುವಾಗ ನಿಮಿಷದ ಮುಳ್ಳನ್ನು ಮುಂದಕ್ಕೇ ತಿರುಗಿಸಿ, ಗಂಟೆಯಲ್ಲೂ ಅರ್ಧಗಂಟೆಯಲ್ಲೂ ನಿಲ್ಲಿಸಿ ಹೊಡೆಯಲು ಬಿಟ್ಟು ಮುಂದುವರಿಯಿರಿ. ಎಣಿಕೆ ಚಕ್ರದ ಗಡಿಯಾರದಲ್ಲಿ ಇದನ್ನು ಮರೆತರೆ ಎರಡಕ್ಕೆ ಒಂಬತ್ತರ ಕಥೆ ಶುರು.

ಹಿಂದೆ ಬಿದ್ದರೆ ಪೆಂಡುಲಮ್ಮಿನ ಗುಂಡು ಮೇಲೇರಬೇಕು, ಮುಂದೆ ಓಡಿದರೆ ಇಳಿಯಬೇಕು. ಎಷ್ಟು? ಇಲ್ಲಿ ಕೈ ಬಹಳ ಹಗುರವಿರಬೇಕು. 12 ಸೆಂಟಿಮೀಟರಿನ ಪೆಂಡುಲಮ್ಮಿನ ಉದ್ದ ಒಂದೇ ಒಂದು ಮಿಲಿಮೀಟರ್ ಬದಲಾದರೆ ದಿನಕ್ಕೆ ಆರು ನಿಮಿಷ ವ್ಯತ್ಯಾಸ. ಡಯಲ್ಲಿನ ಆ ಸಣ್ಣ ತೂತಿರುವುದು ಇದಕ್ಕೇ. ಜೋಡಿಕೀಲಿಯ ಸಣ್ಣ ತುದಿಯನ್ನು ಅದಕ್ಕೆ ಕೊಟ್ಟು ಕಾಲು ಸುತ್ತು ತಿರುಗಿಸಿ, ಎರಡು ದಿನ ನೋಡಿ, ಮತ್ತೆ ಬೇಕಾದರೆ ಕಾಲು ಸುತ್ತು. ವಾರಕ್ಕೆ ಒಂದೆರಡು ನಿಮಿಷದೊಳಗೆ ಬಂದರೆ ತೃಪ್ತಿಪಡಿ. ಮೊಬೈಲಿನ ಸೆಕೆಂಡಿನ ಜೊತೆ ಪಂದ್ಯ ಕಟ್ಟುವುದು ಅನ್ಯಾಯ.

ಜಾಗದ ವಿಷಯ ಚಿಕ್ಕದು. ಬಿಸಿಲು ಬೀಳಬಾರದು, ಫ್ರಿಜ್ಜಿನ ಅದುರು ತಟ್ಟಬಾರದು. ಕರಾವಳಿಯ ಮಳೆಗಾಲದಲ್ಲಿ ಉಕ್ಕಿನ ಭಾಗ ತುಕ್ಕು ಹಿಡಿಯುತ್ತದೆ, ಮರವಜ್ರದ ಅಂಟು ಬಿಟ್ಟು ಮರದ ಮೇಲಿನ ತೆಳುಪದರ ಏಳುತ್ತದೆ. ಹಾಗೆ ಎದ್ದ ಚೂರನ್ನು ಎಸೆಯದೆ ಲಕೋಟೆಯಲ್ಲಿ ಹಾಕಿಟ್ಟರೆ ಮುಂದೆ ಮೊದಲಿನಂತೆಯೇ ಕೂರಿಸಬಹುದು.

ಅಜ್ಜನ ಗಡಿಯಾರವನ್ನು ಅಮೆರಿಕಕ್ಕೋ ಆಸ್ಟ್ರೇಲಿಯಕ್ಕೋ ಒಯ್ಯುವ ಯೋಚನೆ ಇರುವ ಮಕ್ಕಳಿಗೆ ಒಂದು ಮಾತು. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ, ಐತಿಹಾಸಿಕ ಆಸಕ್ತಿಯ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಫ್ರಾನ್ಸಿನಲ್ಲಿ ಹುಟ್ಟಿದ್ದು ಎಂಬ ವಾದವನ್ನು ವಿಮಾನ ನಿಲ್ದಾಣದಲ್ಲಿ ನಂಬಿಕೊಂಡು ಹೋಗಬೇಡಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರಿಗೆ ಫೋಟೋ ಸಮೇತ ಅರ್ಜಿ ಹಾಕಿ, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಸಿಗುವುದೋ ಇಲ್ಲವೋ ಮೊದಲೇ ತಿಳಿದುಕೊಳ್ಳಿ. ಪೆಟ್ಟಿಗೆಯಲ್ಲಿ ಆಮೆಚಿಪ್ಪಿನ ಕೆತ್ತನೆಯೋ ದಂತವೋ ಇದ್ದರೆ ವನ್ಯಜೀವಿ ಕಾಯಿದೆಯೂ ಅಡ್ಡ ಬರುತ್ತದೆ. ಗಾಜಿನ ನಳಿಗೆಯಲ್ಲಿ ಪಾದರಸ ತುಂಬಿದ ಪೆಂಡುಲಮ್ಮಾದರೆ ವಿಮಾನದ ಮಾತೇ ಬೇಡ. ಮಂಗಳೂರಿನಿಂದ ಮೈಸೂರಿಗೆ ಸಾಗಿಸುವುದಾದರೂ ಪೆಂಡುಲಮ್ ಕಳಚಿ ಬೇರೆ ಬಟ್ಟೆಯಲ್ಲಿ ಸುತ್ತಿ, ಗಂಟೆ ಹೊಡೆಯುವ ಸುತ್ತಿಗೆಗೆ ಟಿಶ್ಯೂ ಕಾಗದ ಸಿಕ್ಕಿಸಿ, ಹಿಂಬದಿಯ ಮುದ್ರೆ–ಸಂಖ್ಯೆಗಳ ಫೋಟೋ ತೆಗೆದಿಡಿ. ಕೀಲಿಯನ್ನು ಗಡಿಯಾರದ ಜೊತೆ ಕಟ್ಟದೆ ನಿಮ್ಮ ಕೈಚೀಲಕ್ಕೆ ಹಾಕಿಕೊಳ್ಳಿ. ದಾರಿಯಲ್ಲಿ ಮೊದಲು ಕಳೆದುಹೋಗುವುದು ಅದೇ.